ಉಯ್ಗುರ್ ಅಧ್ಯಯನ: ಹಸ್ತಪ್ರತಿ ಉಳಿದಿದೆ, ಕ್ಷೇತ್ರಕಾರ್ಯ ನಿಂತಿದೆ

ಮಾನ್ಯರೇ,

ಚೀನಾದ ಪಶ್ಚಿಮದ ಷಿಂಜಿಯಾಂಗ್ ಪ್ರದೇಶದ, ತುರ್ಕಿಕ್ ಭಾಷೆಯಾಡುವ ಮುಸ್ಲಿಂ ಸಮುದಾಯವಾದ ಉಯ್ಗುರರ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಬಹುಪಾಲು ರಾಜಕೀಯ ಸುದ್ದಿ. ಅವರ ಭಾಷೆ, ಇತಿಹಾಸಗಳ ಅಧ್ಯಯನಕ್ಕೆ ಬಿದ್ದಿರುವ ಪೆಟ್ಟೂ ಓದುಗರಿಗೆ ತಿಳಿಯಬೇಕು.

ಸ್ವೀಡನ್ನಿನ ಭಾಷಾವಿದ್ವಾಂಸ ಗುನ್ನಾರ್ ಯಾರಿಂಗ್ 1929–30ರಲ್ಲಿ ಷಿಂಜಿಯಾಂಗಿನ ಕಾಶ್ಗರ ನಗರದಲ್ಲಿದ್ದು ಅಲ್ಲಿನ ಆಡುಮಾತನ್ನು ಅಭ್ಯಾಸ ಮಾಡಿದರು. 1933ರಲ್ಲಿ ಅದರ ಧ್ವನಿಗಳ ಮೇಲೆ ಡಾಕ್ಟರೇಟ್ ಪಡೆದರು. ಅವರ ಹೆಸರಿನ ಸಂಗ್ರಹದ ಐನೂರಕ್ಕೂ ಹೆಚ್ಚು ಹಸ್ತಪ್ರತಿಗಳು ಲುಂಡ್ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿವೆ.

ಆದರೆ ಓದುವುದು ಸುಲಭವಲ್ಲ. ಮಧ್ಯ ಏಷ್ಯಾದ ಹಳೆಯ ಸಾಹಿತ್ಯಭಾಷೆ ಚಗತಾಯ್‌ನ ಅರೇಬಿಕ್ ಲಿಪಿಯ ಬರಹದಲ್ಲಿ ಎಲ್ಲ ಸ್ವರಗಳೂ ಕಾಣಿಸವು. 1960ರ ದಶಕದಲ್ಲಿ ಚೀನಾ ಲ್ಯಾಟಿನ್ ಲಿಪಿ ತಂದಿತು; 1980ರ ದಶಕದ ಆರಂಭದಲ್ಲಿ ಅರೇಬಿಕ್ ಲಿಪಿ ಮರಳಿತು, ಈ ಸಲ ಎಂಟೂ ಸ್ವರಗಳಿಗೆ ಬೇರೆಬೇರೆ ಅಕ್ಷರಗಳೊಂದಿಗೆ. ಸೋವಿಯತ್ ಒಕ್ಕೂಟದಲ್ಲಿದ್ದ ಉಯ್ಗುರರದು ಸಿರಿಲಿಕ್, ಅಂದರೆ ರಷ್ಯನ್ ಬರೆಯುವ ಲಿಪಿ. ಇವಿಷ್ಟೂ ಬಾರದೆ ಇಪ್ಪತ್ತನೇ ಶತಮಾನದ ಉಯ್ಗುರ್ ಸಾಹಿತ್ಯ ಕೈಗೆ ಸಿಗದು. ನಿಘಂಟು ನೋಡುವಾಗಲೂ ಎಚ್ಚರ ಬೇಕು: ‘ಬಾಲಾ’ (ಮಗು) ಬಹುವಚನದಲ್ಲಿ ‘ಬಾಲಿಲಾರ್’ ಆಗುತ್ತದೆ, ಬದಲಾದ ‘ಇ’ಯನ್ನು ಮತ್ತೆ ‘ಆ’ ಎಂದು ಓದಿಕೊಳ್ಳದಿದ್ದರೆ ಪದ ಸಿಗದು. ಗಣಕೀಕರಣದಲ್ಲಿ ಇನ್ನೊಂದು ತೊಡಕು. ಉಯ್ಗುರ್ ಲಿಪಿಯ ಒಂದು ಸ್ವರಾಕ್ಷರ ನೋಡಲು ಅರೇಬಿಕ್ ‘ಹ’ದಂತೆಯೇ ಇದೆ. ಅರೇಬಿಕ್ ಕೀಲಿಮಣೆ ಬಳಸುವವರು ‘ಹ’ವನ್ನೇ ಒತ್ತಿಬಿಡುತ್ತಾರೆ. ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಕಂಪ್ಯೂಟರಿಗೆ ಅದು ಬೇರೆ ಸಂಕೇತ, ಹಾಗಾಗಿ ಹುಡುಕಾಟಕ್ಕೆ ಸಿಗುವುದಿಲ್ಲ. ಪಠ್ಯಗಳನ್ನು ಒಟ್ಟುಗೂಡಿಸುವ ಮೊದಲೇ ಇದನ್ನು ತಿದ್ದಬೇಕು.

ಇವೆಲ್ಲ ಶ್ರಮದಿಂದ ಬಗೆಹರಿಯುವ ತೊಡಕುಗಳು. ಬಗೆಹರಿಯದ್ದು ಬೇರೆಯೇ ಇದೆ. ತಜ್ಕಿರಾ ಎಂಬ ಸಂತಚರಿತ್ರೆಗಳನ್ನು ಆಯಾ ಸಂತರ ಮಜಾರಿನಲ್ಲಿ (ಸಮಾಧಿಸ್ಥಳದಲ್ಲಿ) ಯಾತ್ರಿಕರೆದುರು ಗಟ್ಟಿಯಾಗಿ ಓದುತ್ತಿದ್ದರು. ಯಾವ ಮಜಾರಿಗೆ ಯಾರು, ಯಾವ ಋತುವಿನಲ್ಲಿ ಹೋಗುತ್ತಿದ್ದರು, ಅಲ್ಲಿ ಏನೇನು ನಡೆಯುತ್ತಿತ್ತು ಎಂಬುದು ಲುಂಡ್‌ನ ಕಪಾಟಿನಲ್ಲಿ ಸಿಗುವುದಿಲ್ಲ. ಅದನ್ನು ಊರೂರು ತಿರುಗಿ ದಾಖಲಿಸಿದವರು ಷಿಂಜಿಯಾಂಗ್ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸೆ ರಾಹಿಲೆ ದಾವುತ್. 2017ರ ಡಿಸೆಂಬರ್‌ನಲ್ಲಿ ಅವರು ಕಾಣೆಯಾದರು. ಚೀನಾದಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಗಿರುವುದು 2023ರಲ್ಲಿ ಖಚಿತವಾಯಿತು. ಸ್ಥಳೀಯರ ವಿಶ್ವಾಸ ಗಳಿಸಿದ್ದ ಅಂಥ ಸಂಶೋಧಕಿಯ ಕೆಲಸವನ್ನು ಹೊರಗಿನವರು ಮುಂದುವರಿಸಲಾರರು. ಈಚೆಗೆ ಅನೇಕ ಮಜಾರ್‌ಗಳನ್ನು ಕೆಡವಲಾಗಿದೆ. ಅವುಗಳ ಬಗ್ಗೆ ತಿಳಿಯಲು ಈಗ ರಾಹಿಲೆ ಅವರ ದಾಖಲೆಯೇ ಮುಖ್ಯ ಆಧಾರ.

ವಿದೇಶಗಳ ವಿಶ್ವವಿದ್ಯಾಲಯಗಳು ರಾಹಿಲೆ ಅವರ ಬಿಡುಗಡೆಗೆ ಒತ್ತಾಯಿಸುತ್ತಲೇ ಇರಬೇಕು. ಜೊತೆಗೆ ವಲಸೆ ಬಂದ ಉಯ್ಗುರ್ ವಿದ್ವಾಂಸರಿಗೆ ವರ್ಷದ ಫೆಲೋಶಿಪ್ ಬದಲು ಕಾಯಂ ಹುದ್ದೆ ಕೊಡಬೇಕು. ಹಿರಿಯ ವಲಸಿಗರ ನೆನಪುಗಳನ್ನು ಊರು, ಕಾಲ, ಉಪಭಾಷೆ ಗುರುತಿಸಿ ಈಗಲೇ ಧ್ವನಿಮುದ್ರಿಸಬೇಕು.

– ಮಧ್ಯ ಏಷ್ಯಾ ಭಾಷೆಗಳ ಅಧ್ಯಯನಾಸಕ್ತರು