ಸೌದಿ ಪರವಾಗಿ ಮಾತಾಡಲಿರುವ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದದ ಕೊನೇ ಸಾಲು ರಾತ್ರಿ ನಿದ್ದೆ ಬರಗೊಡಲಿಲ್ಲ. 'ದೊಡ್ಡಪ್ಪ, ನನಗೇ ಒಪ್ಪಿಗೆಯಿಲ್ಲದ ಮಾತನ್ನು ಚೆನ್ನಾಗಿ ಹೇಳಿ ಗೆದ್ದುಬಿಟ್ಟರೆ ನಾನು ಎಂಥವಳಾದೆ?' ಅಂತ ಕೇಳಿದ್ದೀಯ.

ವಿದ್ಯಾರ್ಥಿಗಳು ಒಂದೊಂದು ದೇಶದ ಪ್ರತಿನಿಧಿಗಳಾಗಿ ಮಾತಾಡುವ ಅಣಕು ವಿಶ್ವಸಂಸ್ಥೆ, ಅದೇ ನಿಮ್ಮ ಎಂಯುಎನ್, ಅದರ ಹವಾಮಾನ ಸಮಿತಿಯಲ್ಲಿ ನಿನಗೆ ವನುವಾಟು ಬೇಕಿತ್ತು, ಸಿಕ್ಕಿದ್ದು ಸೌದಿ ಅರೇಬಿಯಾ. ವನುವಾಟು ಪರ ಮಾತಾಡಲು ಯಾರಿಗೂ ಮನಸ್ಸು ಬರುತ್ತೆ. ಹವಾಮಾನದ ವಿಚಾರದಲ್ಲಿ ದೇಶಗಳ ಹೊಣೆ ಏನು ಅಂತ ಅಂತರರಾಷ್ಟ್ರೀಯ ನ್ಯಾಯಾಲಯವನ್ನು ಕೇಳುವ ನಿರ್ಣಯವನ್ನು ಆ ಪುಟ್ಟ ದ್ವೀಪದೇಶ ಮುಂದೆ ನಿಂತು 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಪಾಸ್ ಮಾಡಿಸಿತು. ಅದಕ್ಕೆ ಮೊದಲು ಪಟ್ಟು ಹಿಡಿದವರು ಪೆಸಿಫಿಕ್ ದ್ವೀಪಗಳ ಕಾನೂನು ವಿದ್ಯಾರ್ಥಿಗಳು.

ಇಂಧನವನ್ನು ದೂರಬೇಡಿ, ಹೊಗೆ ಕಡಿಮೆ ಮಾಡಿ ಅನ್ನೋದು ಸೌದಿಯವರ ವಾದ. ನುಣುಚಿಕೊಳ್ಳುವ ಮಾತು ಅಂತ ನಿನಗೆ ಅನ್ನಿಸಿದೆ. ನನಗೂ ಅಷ್ಟೇ. ಆದರೂ 1938ರಲ್ಲಿ ಸೌದಿಯ ದಮ್ಮಾಮಿನಲ್ಲಿ ತೈಲ ಸಿಗದಿದ್ದರೆ ನಮ್ಮ ಕರಾವಳಿಯ ಎಷ್ಟು ಮನೆಗಳು ತಾರಸಿ ಕಾಣುತ್ತಿದ್ದವು? ನಮ್ಮ ಬೀದಿಯಲ್ಲೇ ಅಲ್ಲಿನ ಜುಬೈಲ್ ಊರಲ್ಲಿ ದುಡಿದ ದುಡ್ಡಲ್ಲಿ ಓದಿದವರಿದ್ದಾರೆ. ರಜೆಗೆ ಬಂದಾಗ ಅವರನ್ನು ಮಾತಾಡಿಸು.

ಆದರೆ ನಿನ್ನ ಭಯ ಅದಲ್ಲ, ಅಲ್ವಾ? ಗೆದ್ದುಬಿಟ್ಟರೆ ಅನ್ನೋದು.

ನಾನು ಹೈಸ್ಕೂಲಲ್ಲಿದ್ದಾಗ ಒಂದು ಚರ್ಚಾಸ್ಪರ್ಧೆ. 'ಹೆಣ್ಣುಮಕ್ಕಳಿಗೆ ಕಾಲೇಜು ಬೇಕೇ?' ಚೀಟಿ ಎತ್ತಿದಾಗ ನನಗೆ ಬಂದದ್ದು 'ಬೇಡ'. ಮೇಷ್ಟ್ರು ಬೆನ್ನು ತಟ್ಟುವ ಹಾಗೆ ಮಾತಾಡಿದೆ. ಬಹುಮಾನ ಸ್ಟೀಲ್ ಲೋಟ. ಆ ವರ್ಷವೇ ಮನೆಯಲ್ಲಿ ಅಕ್ಕನ ಓದು ಬಿಡಿಸಿದ್ದರು. ಅವಳು ಲೋಟ ತಿರುಗಿಸಿ, ಕೊರೆದಿದ್ದ ನನ್ನ ಹೆಸರು ಓದಿ, 'ನಿಂಗೂ ಹಾಗೇ ಅನ್ಸತ್ತಾ?' ಅಂದಳು. ಸ್ಪರ್ಧೆಗೆ ಹೇಳಿದ್ದು ಅಷ್ಟೇ ಅಂತ ಆಟಕ್ಕೆ ಓಡಿದೆ. 'ಇಲ್ಲ ಅಕ್ಕ' ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ಈಗ ಅವಳೇ ಇಲ್ಲ. ನಿನ್ನ ಸಾಲು ಓದಿದಾಗ ಅವಳ ದನಿ ಕೇಳಿದಂತಾಯಿತು.

ಬುದ್ಧಿ ಹೇಳೋಕೆ ನಾನೇನು ಅಂಥ ಸಭೆಗಳನ್ನು ಕಂಡವನಲ್ಲ. ಸುಮ್ನೆ ತೋಚಿದ್ದು ಬರೀತೀನಿ. ದೇಶ ಯಾವುದೇ ಇರಲಿ, ಅದರ ನಿಲುವು ಬರೆದುಕೊಡುವ ಪೊಸಿಷನ್ ಪೇಪರ್‌ನಲ್ಲಿ ಸುಳ್ಳು ಅಂಕಿ ಹಾಕಬೇಡ. 'ನಾನು' ಅನ್ನದೆ 'ಸೌದಿ ಅರೇಬಿಯಾ ಹೀಗೆ ಭಾವಿಸುತ್ತದೆ' ಅನ್ನಬೇಕಂತಲ್ಲ, ಆ ನಿಯಮ ನನಗೆ ಹಿಡಿಸಿತು. ದೇಶದ ಹೆಸರಿನ ಪ್ಲಕಾರ್ಡ್ ಕೆಳಗಿಟ್ಟ ಮೇಲೆ ಯಾರಾದರೂ ಕೇಳಿದರೆ ನಿನ್ನ ಮಾತು ಹೇಳು. ಓಡಬೇಡ. ಯಾರೂ ಕೇಳದಿದ್ದರೆ ನನಗೆ ಫೋನ್ ಮಾಡಿ ಹೇಳು. ಬೆಸ್ಟ್ ಡೆಲಿಗೇಟ್ ಬಹುಮಾನ ಬಂದರೂ ಸರಿ, ಬರದಿದ್ದರೂ ಸರಿ, ಎಷ್ಟು ಹೊತ್ತಾದರೂ ಎದ್ದಿರ್ತೀನಿ.

ನಿನ್ನ ದೊಡ್ಡಪ್ಪ