ಪೇಜ್ ಮುಚ್ಚಬೇಡ ಮಗಾ

ಮಗಾ,

ಮೊನ್ನೆ ಸಂಜೆ ಫೋನಲ್ಲಿ "ಸಾಕಾಗೋಯ್ತು ಗುರು, ಈ ತಿಂಗಳು ಆನ್‌ಲೈನ್ ಪೇಜ್ ಕ್ಲೋಸ್ ಮಾಡ್ಬಿಡ್ತೀನಿ, ಅಮ್ಮನ ರಾಗಿ ಹುರಿಟ್ಟು ಊರಲ್ಲೇ ಯಾರಾದ್ರೂ ತಗೊಂಡ್ರೆ ತಗೊಳ್ಳಲಿ" ಅಂದೆ ನೋಡು, ಅವತ್ತು ನಾನು ಜಾಸ್ತಿ ಮಾತಾಡಕ್ಕೆ ಆಗ್ಲಿಲ್ಲ, ಅಟ್ಟದಿಂದ ಕಾಯಿ ಇಳಿಸ್ತಿದ್ವಿ, ಸುಲಿಯೋರು ಕಾಯ್ತಾ ಕೂತಿದ್ರು. ಆದ್ರೆ ಆ ಮಾತು ತಲೇಲೇ ಉಳ್ಕೊಂಡ್ಬಿಡ್ತು. ಅದಕ್ಕೆ ಬರೀತಿದೀನಿ. ನಿನ್ನ ಥರಾನೇ ಶುರು ಮಾಡಿ ಅರ್ಧಕ್ಕೆ ನಿಂತಿರೋರು ನಮ್ಮ ತುಮಕೂರು ಜಿಲ್ಲೇಲಿ ಬೇಕಾದಷ್ಟು ಜನ ಇದಾರೆ, ಅವ್ರೂ ಓದ್ಲಿ ಅಂತ ನಿನ್ನ ಕೇಳೇ ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದೀನಿ, ನಿನ್ನ ಹೆಸರು ಎಲ್ಲೂ ಬರೆದಿಲ್ಲ.

ಮಾಲು ಚೆನ್ನಾಗಿಲ್ದೇ ವ್ಯಾಪಾರ ನಿಂತಿದ್ರೆ ನಾನೇ ಬಿಡು ಅಂತಿದ್ದೆ. ಆದ್ರೆ ನಿಮ್ಮಮ್ಮನ ಹುರಿಟ್ಟು ನಾನು ತಿಂದಿದೀನಿ ಕಣೋ. ರಾಗಿಗೆ ಹುಳಿ ಮಜ್ಜಿಗೆ ಚಿಮುಕಿಸಿ, ರಾತ್ರಿ ಪೂರ್ತಿ ಬಟ್ಟೇಲಿ ಕಟ್ಟಿಟ್ಟು, ಬೆಳಗ್ಗೆ ನೆರಳಲ್ಲಿ ಆರಾಕಿ, ಕಾದ ಬಾಂಡ್ಲೀಲಿ ಒಂದೊಂದೇ ಹಿಡಿ ಹಾಕಿ ಅರಳು ಮಾಡ್ತಾರಲ್ಲ, ಆ ವಾಸನೆ ನಿಮ್ಮ ಬೀದಿ ತಿರುವಿಗೇ ಬರುತ್ತೆ. ಆ ಅರಳು ಬೀಸಿದ ಹಿಟ್ಟಿಗೆ ಬಿಸಿ ಹಾಲು, ಬೆಲ್ಲ, ನಮ್ಮನೆ ಕೊಬ್ಬರಿ ತುರಿ ಹಾಕ್ಕೊಂಡು ತಿಂದ್ರೆ ಮಧ್ಯಾಹ್ನದವರೆಗೂ ಹೊಟ್ಟೆ ಕೇಳಲ್ಲ. ಬೆಂಗಳೂರಲ್ಲಿ ರಾಗಿ ಅರಳು ಹುರಿಯೋಕೆ ಬಾರದೇ ಇರೋ ಮನೆಗಳು ಲಕ್ಷಗಟ್ಟಲೆ ಇವೆ, ಅವರಿಗೆ ಈ ರುಚಿ ನೆನಪಿದೆ, ಕೈಗೆ ಸಿಗ್ತಿಲ್ಲ ಅಷ್ಟೇ.

ನಿನ್ನೆ ರಾತ್ರಿ ನಿನ್ನ ಪೇಜ್ ಪೂರ್ತಿ ಹಿಂದಕ್ಕೆ ಹೋಗಿ ನೋಡ್ದೆ. ಬೇಜಾರ್ ಮಾಡ್ಕೋಬೇಡ. 7 ತಿಂಗಳಲ್ಲಿ 31 ಪೋಸ್ಟ್, ಅದರಲ್ಲಿ 22 ಎರಡೇ ಸಲದ ಜೋಶಲ್ಲಿ ಹಾಕಿದ್ದು, ಶುರುವಲ್ಲಿ ಹನ್ನೆರಡು ದಿನ ದಿನಾ, ಆಮೇಲೆ ಆಷಾಢ ಕಳೀಲಿ ಅಂತ ನಿಲ್ಸಿದೀಯ, ಗೌರಿ ಗಣೇಶಕ್ಕೆ ಆಫರ್ ಅಂತ ಮತ್ತೆ ಹತ್ತು ದಿನ, ಆಮೇಲೆ ದೀಪಾವಳಿಗೊಂದು ಶುಭಾಶಯ. ಮಧ್ಯದಲ್ಲಿ ಒಬ್ರು ಹೆಂಗಸರು ಕೆಳಗೆ "ಒಂದು ವರ್ಷದ ಮಗುಗೆ ಕೊಡಬಹುದಾ" ಅಂತ ಕೇಳಿದಾರೆ, ನೀನು ಉತ್ತರ ಕೊಟ್ಟಿರೋದು ಹತ್ತೊಂಬತ್ತು ದಿನ ಆದ್ಮೇಲೆ. ಅದನ್ನ ನೋಡಿ ನಂಗೆ ನಿಜವಾಗ್ಲೂ ಹೊಟ್ಟೆ ಉರೀತು ಮಗಾ. ನೀನು ಲೋಗೋಗೆ ಮೂರು ವಾರ ಕೂತಿದ್ದೆ, ಆ ತಾಯಿ ಪ್ರಶ್ನೆಗೆ ಮೂರು ನಿಮಿಷ ಸಾಕಿತ್ತು.

ನಂದೂ ಹಿಂಗೇ ಇತ್ತು, ಅದನ್ನ ನಿಂಗೆ ಪೂರ್ತಿ ಯಾವತ್ತೂ ಹೇಳಿಲ್ಲ. 2023ರಲ್ಲಿ ಕೊಬ್ಬರಿ ಬೆಲೆ ಬಿದ್ದಿದ್ದು ನಿಂಗೆ ಗೊತ್ತಲ್ಲ, ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಅಂತ ಇತ್ತು, ತಿಪಟೂರು ಮಾರ್ಕೆಟ್ಟಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹೋಗಿತ್ತು. ಕಾಯಿ ಕಿತ್ತು ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಒಳಗಿನ ನೀರು ಇಂಗೋವರೆಗೂ ಕಾದು, ಸುಲಿಸಿ, ಚಿಪ್ಪು ಒಡೆಸಿ, ಗಿಟುಕು, ಅಂದ್ರೆ ಒಳಗಿನ ಇಡೀ ಕೊಬ್ಬರಿ, ಒಡೀದಂಗೆ ತೆಗೆದು ಮಂಡಿಗೆ ತಗೊಂಡೋದ್ರೆ ಕೂಲಿ ಸಾಗಾಣಿಕೆ ಕಳೆದು ಏನೂ ಉಳೀತಿರ್ಲಿಲ್ಲ. ಅಪ್ಪ ಅವತ್ತು ಊಟ ಮಾಡ್ದೇ ಮಲಗಿದ್ರು. ಆ ಆಗಸ್ಟಲ್ಲೇ ನಾನು ಗಾಣದ ಎಣ್ಣೆ, ಕೊಬ್ಬರಿ ಎರಡೂ ಮನೆಯಿಂದಲೇ ನೇರ ಮಾರೋಣ ಅಂತ ವಾಟ್ಸಾಪ್ ಬಿಸಿನೆಸ್ಸು, ಇನ್‌ಸ್ಟಾಗ್ರಾಂ ಶುರು ಮಾಡಿದ್ದು.

ಮೊದಲ ತಿಂಗಳು ಮೂರೇ ಆರ್ಡರ್, ಮೂರೂ ನೆಂಟರದ್ದು. ಎರಡನೇ ತಿಂಗಳು ಐದು. ದಿನಾ ಪೋಸ್ಟ್ ಹಾಕ್ತಿದ್ದೆ, ಆದ್ರೆ ಏನು ಹಾಕ್ತಿದ್ದೆ ಅಂದ್ರೆ ಇಂಟರ್ನೆಟ್ಟಲ್ಲಿ ಸಿಕ್ಕಿದ ತೆಂಗಿನಮರದ ಫೋಟೋ, ಅದರ ಮೇಲೆ ಪ್ಯೂರ್, ಆರ್ಗ್ಯಾನಿಕ್ ಅಂತ ದೊಡ್ಡ ಅಕ್ಷರ. ನಾಲ್ಕು ತಿಂಗಳು ಹಿಂಗೇ ಹೋಯ್ತು. ದಿನಾ ಮಾಡಿದ್ರೂ ತಪ್ಪು ತಪ್ಪೇ ಅಲ್ವಾ ಅಂತ ನೀನು ಕೇಳ್ತೀಯ, ಹೌದು, ಆದ್ರೆ ಆ ತಪ್ಪು ನಂಗೆ ಗೊತ್ತಾಗಿದ್ದು ದಿನಾ ಅಲ್ಲಿ ಇದ್ದಿದ್ದಕ್ಕೇ.

ಡಿಸೆಂಬರ್ ಎರಡನೇ ವಾರ. ಬೆಳಗ್ಗೆ ಏಳಕ್ಕೆ ಬೆಂಗಳೂರಿಂದ ಒಬ್ರು ಅಮ್ಮ ಫೋಟೋ ಕಳಿಸಿದ್ರು, ಬಾಟಲಲ್ಲಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು, "ಏನಪ್ಪಾ ಇದಕ್ಕೆ ಡಾಲ್ಡಾ ಬೆರೆಸಿದೀಯಾ, ನನ್ ದುಡ್ಡು ವಾಪಸ್ ಹಾಕು" ಅಂತ. ಕೈ ನಡುಗ್ತು ನಂಗೆ. ಆಮೇಲೆ ನಮ್ಮನೆ ಅಡುಗೆಮನೆ ಕಟ್ಟೆ ಮೇಲಿದ್ದ ಎಣ್ಣೆ ನೋಡಿದ್ರೆ ಅದೂ ಹಂಗೇ ಗಟ್ಟಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಬಂದ್ರೆ ಹೆಪ್ಪುಗಟ್ಟುತ್ತೆ, ಇದು ಹಳ್ಳೀಲಿ ಮಕ್ಕಳಿಗೂ ಗೊತ್ತು, ಪಟ್ಟಣದಲ್ಲಿ ಬೆಳೆದೋರಿಗೆ ಯಾರು ಹೇಳ್ಬೇಕು? ನಮ್ಮನೆ ಬಾಟಲನ್ನ ಬಿಸಿಲಿಗೆ ಇಟ್ಟು, ಅದು ಕರಗೋದನ್ನ ಮೊಬೈಲಲ್ಲಿ ಹಿಡಿದು, ನನ್ ಮಾತಲ್ಲೇ, ನಮ್ಮ ಭಾಷೇಲೇ ಒಂದೂವರೆ ನಿಮಿಷ ವಿವರಿಸಿ ಆ ಅಮ್ಮನಿಗೆ ಕಳ್ಸಿ, ಅದನ್ನೇ ಪೇಜಿಗೂ ಹಾಕ್ದೆ. ಅವರೇ ಅದನ್ನ ಅವರ ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿದ್ರು. ಸಂಕ್ರಾಂತಿ ಹತ್ರ ಬಂದಿತ್ತು, ಎಳ್ಳುಬೆಲ್ಲಕ್ಕೆ ಕೊಬ್ಬರಿ ಬೇಕು ಅಂತ ಆ ಒಂದೇ ಅಪಾರ್ಟ್‌ಮೆಂಟಿಂದ 17 ಆರ್ಡರ್ ಬಂತು ಮಗಾ. ಜನವರೀಲಿ ಒಟ್ಟು 43.

ಅವತ್ತಿಂದ ನಂಗೆ ಈ ವ್ಯಾಪಾರ ಹೆಂಗೆ ನಡಿಯುತ್ತೆ ಅನ್ನೋದು ತಲೆಗೆ ಹೋಯ್ತು. ಜನ ಪ್ರಶ್ನೆ ಕೇಳ್ತಾರೆ, ಆ ಪ್ರಶ್ನೆಯೇ ನಾಳೆ ನಾನು ಹಾಕ್ಬೇಕಾದ ವಿಡಿಯೋ. ಬೂಷ್ಟು ಹಿಡೀಬಾರದು ಅಂದ್ರೆ ಕೊಬ್ಬರಿ ಎಲ್ಲಿಡಬೇಕು, ಬಾಣಂತಿ ಉಂಡೆಗೆ ಯಾವ ಕೊಬ್ಬರಿ ಒಳ್ಳೇದು, ಅಂಗಡೀಗಿಂತ ನಿಮ್ಮ ಎಣ್ಣೆ ಯಾಕೆ ಇಷ್ಟು ರೇಟು. ಈ ಕೊನೇದಕ್ಕೆ ಗಾಣದ ಮುಂದೆ ನಿಂತು ತಕ್ಕಡೀಲಿ ತೂಗಿ ತೋರಿಸ್ದೆ, ಒಂದು ಲೀಟರ್ ಎಣ್ಣೆ ಬರೋಕೆ ಒಂದೂವರೆ ಕೆಜಿಗಿಂತ ಜಾಸ್ತಿ ಕೊಬ್ಬರಿ ಹೋಗುತ್ತೆ, ಇವತ್ತಿನ ಕೊಬ್ಬರಿ ರೇಟಿಗೆ ಗುಣಿಸಿ ನೋಡಿ ಅಂತ. ಆಮೇಲೆ ಚೌಕಾಸಿ ಮಾಡೋರು ಎಷ್ಟೋ ಕಮ್ಮಿ ಆದ್ರು. ಆದ್ರೆ ತಿಂಗಳಿಗೊಂದು ಸಲ ಬಂದು ಹೋಗೋನ ಹತ್ರ ಯಾರು ಪ್ರಶ್ನೆ ಕೇಳ್ತಾರೆ ಹೇಳು? ಬಾಗಿಲು ಹಾಕಿರೋ ಅಂಗಡಿ ಮುಂದೆ ನಿಂತು ಯಾರೂ ರೇಟ್ ಕೇಳಲ್ಲ. ನಿಂಗೆ ಏನು ಪೋಸ್ಟ್ ಹಾಕ್ಬೇಕು ಗೊತ್ತಾಗಲ್ಲ ಅಂತೀಯಲ್ಲ, ಆ ಒಂದು ವರ್ಷದ ಮಗು ತಾಯಿ ನಿಂಗೆ ಪೋಸ್ಟ್ ಕೈಗೇ ಕೊಟ್ಟಿದ್ಲು.

ನಾನು ದಿನಾ ಏನು ಮಾಡ್ತೀನಿ ಅಂತ ನೀನು ಕೇಳಿದ್ಯಲ್ಲ. ಬೆಳಗ್ಗೆ ಆರೂವರೆಯಿಂದ ಏಳೂವರೆ, ತೋಟಕ್ಕೆ ಹೋಗೋಕೆ ಮುಂಚೆ. ರಾತ್ರಿ ಬಂದಿರೋ ಎಲ್ಲಾ ಮೆಸೇಜಿಗೆ ಉತ್ತರ, ಒಂದನ್ನೂ ಬಿಡದಂಗೆ. ಆಮೇಲೆ ಮನೇಲೋ ತೋಟದಲ್ಲೋ ನಡೀತಿರೋದರದ್ದು ಒಂದು ಫೋಟೋ ಅಥವಾ ಚಿಕ್ಕ ವಿಡಿಯೋ. ಆಮೇಲೆ ಇಬ್ಬರು ಹಳೇ ಗಿರಾಕಿಗಳಿಗೆ ಫೋನು, ಅಷ್ಟೊತ್ತಿಗೆ ಫೋನ್ ಮಾಡಬಾರದು ಅನ್ನೋರಿಗೆ ಸಂಜೆ ಮಾಡ್ತೀನಿ. ಈ ಫೋನೇ ನನ್ನ ಕಾಪಾಡಿರೋದು. ಒಂದು 200 ಪುಟದ ನೋಟ್‌ಬುಕ್ ಇದೆ, ಯಾರು ಯಾವತ್ತು ಏನು ತಗೊಂಡ್ರು, ಮನೇಲಿ ಎಷ್ಟು ಜನ, ಏನು ಅಂದ್ರು ಅಂತ ಬರೀತೀನಿ. ಒಂದು ಲೀಟರ್ ತಗೊಂಡೋರಿಗೆ ಸುಮಾರು ಒಂದು ತಿಂಗಳಿಗೆ ಖಾಲಿ ಆಗಿರುತ್ತೆ, ಆಗ ಫೋನ್ ಮಾಡಿ "ಅಕ್ಕಾ ಎಣ್ಣೆ ಹೆಂಗಿತ್ತು" ಅಂದ್ರೆ ಹತ್ತರಲ್ಲಿ ನಾಲ್ಕು ಜನ ಅಲ್ಲೇ ಇನ್ನೊಂದು ಹೇಳ್ತಾರೆ. ಬ್ರಾಡ್‌ಕಾಸ್ಟ್ ಲಿಸ್ಟೂ ಇದೆ, ಆದ್ರೆ ಅದು ಅವ್ರ ಫೋನಲ್ಲಿ ನಮ್ಮ ನಂಬರ್ ಸೇವ್ ಆಗಿದ್ರೆ ಮಾತ್ರ ಹೋಗೋದು, ಅದಕ್ಕೇ ಪ್ರತಿ ಪಾರ್ಸಲ್ಲಲ್ಲಿ "ಈ ನಂಬರ್ ಸೇವ್ ಮಾಡ್ಕೊಳ್ಳಿ" ಅಂತ ಚೀಟಿ ಹಾಕ್ತೀನಿ, ನೀನೂ ಹಾಕು.

ಕಷ್ಟದ ದಿನ ಬಂದಾಗ ಏನು ಮಾಡೋದು ಅನ್ನೋದೇ ದೊಡ್ಡದು. ಹೋದ ವರ್ಷ ಅಪ್ಪಂಗೆ ಆಪರೇಶನ್ ಆದಾಗ ಒಂಬತ್ತು ದಿನ ಆಸ್ಪತ್ರೆ ಬೆಂಚ್ ಮೇಲೇ ಮಲಗಿದ್ದೆ. ಫೋಟೋ ಇಲ್ಲ, ಪಾರ್ಸಲ್ ಇಲ್ಲ. ಮೆಸೇಜಿಗೆ ಉತ್ತರ ಮಾತ್ರ ಕೊಡ್ತಿದ್ದೆ, "ಅಪ್ಪಂಗೆ ಹುಷಾರಿಲ್ಲ, ಹದಿನೈದು ದಿನ ಲೇಟ್ ಆಗುತ್ತೆ" ಅಂತ ಇದ್ದಿದ್ದು ಇದ್ದಂಗೆ. ಒಬ್ಬರೂ ಕ್ಯಾನ್ಸಲ್ ಮಾಡ್ಲಿಲ್ಲ, ಇಬ್ರು ಊಟ ತಂದು ಕೊಡ್ಲಾ ಅಂತ ಕೇಳಿದ್ರು. ಊರಿಗೆ ವಾಪಸ್ ಬಂದ ಮಾರನೇ ದಿನ ಅಟ್ಟದ ಫೋಟೋ ಒಂದು ಹಾಕ್ದೆ, ಕೆಲಸ ಮುಂದುವರೀತು. ನೀನು ನಿಲ್ಸಿದ ಮೇಲೆ ಮತ್ತೆ ಶುರು ಮಾಡಕ್ಕೆ ಒಂದು ಒಳ್ಳೆ ದಿನ ಹುಡುಕ್ತೀಯ ನೋಡು, ಆಷಾಢ ಮುಗೀಲಿ, ಹಬ್ಬ ಬರ್ಲಿ, ಹೊಸ ಪ್ಯಾಕೆಟ್ ಪ್ರಿಂಟ್ ಆಗ್ಲಿ ಅಂತ, ಅಲ್ಲೇ ತಿಂಗಳುಗಳು ಹೋಗ್ತಿರೋದು.

ನಾವಿಬ್ರೂ ಸಿದ್ಧಗಂಗಾ ಮಠದಲ್ಲಿ ಹೈಸ್ಕೂಲ್ ಓದಿದೋರು. ಬೆಳಗಿನ ಜಾವ ಎದ್ದು ಪ್ರಾರ್ಥನೆಗೆ ಓಡೋದು ಬಿಡು, ನಂಗೆ ಈಗ ಜಾಸ್ತಿ ನೆನಪಾಗೋದು ದಾಸೋಹದ ಅಡುಗೆಮನೆ. ಸಾವಿರಾರು ಮಕ್ಕಳು, ಮೇಲೆ ಬಂದು ಹೋಗೋ ಭಕ್ತರು, ಇವತ್ತು ಎಷ್ಟು ಜನ ಬರ್ತಾರೆ ಅಂತ ಕೇಳ್ಕೊಂಡು ಅಲ್ಲಿ ಯಾರೂ ಒಲೆ ಹಚ್ತಿರ್ಲಿಲ್ಲ, ಹೊತ್ತಿಗೆ ಒಲೆ ಹಚ್ತಿದ್ರು. ಶಿವಕುಮಾರ ಸ್ವಾಮೀಜಿ ನೂರು ದಾಟಿದ್ರು ಆಗಲೇ, ಆದ್ರೂ ಪೂಜೆ, ಪ್ರಾರ್ಥನೆ, ಮಕ್ಕಳನ್ನ ಮಾತಾಡ್ಸೋದು ತಪ್ಪಿಸ್ತಿರ್ಲಿಲ್ಲ. 2019ರ ಜನವರಿ 21ಕ್ಕೆ ಅವರು ಹೋದಾಗ ನಾವಿಬ್ರೂ ಜೊತೇಲೇ ಹೋಗಿ ಆ ಸಾಲಲ್ಲಿ ನಿಂತಿದ್ವಲ್ಲ, ಅವತ್ತೂ ದಾಸೋಹ ನಡೀತಿತ್ತು, ನಾವೂ ಉಂಡು ಬಂದ್ವಿ.

ಇನ್ನು ಸ್ವಲ್ಪ ಲೆಕ್ಕಾಚಾರ, ಇದು ನಿನ್ನ ಕೈ ಕಚ್ತಿದೆ ಅಂತ ಗೊತ್ತು. ನೀನು ಅರ್ಧ ಕೆಜಿ ಹುರಿಟ್ಟನ್ನ ಅಷ್ಟು ದೊಡ್ಡ ರಟ್ಟಿನ ಡಬ್ಬಕ್ಕೆ ಹಾಕಿ ಕಳಿಸ್ತೀಯ. ಕೊರಿಯರಿನವ್ರು ಎಷ್ಟೋ ಕಡೆ ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ 5000ದಿಂದ ಭಾಗಿಸ್ತಾರೆ, ಬಂದಿದ್ದು ನಿಜವಾದ ತೂಕಕ್ಕಿಂತ ಜಾಸ್ತಿ ಇದ್ರೆ ಅದಕ್ಕೇ ಚಾರ್ಜು. 30, 20, 15ರ ಡಬ್ಬ ಅಂದ್ರೆ 1.8 ಕೆಜಿ ಲೆಕ್ಕ ಆಯ್ತು, ಒಳಗಿರೋದು ಅರ್ಧ ಕೆಜಿ. ಗಟ್ಟಿ ಪೌಚಲ್ಲಿ ಸೀಲ್ ಮಾಡಿ ಕೊರಿಯರ್ ಕವರಲ್ಲೇ ಕಳ್ಸು. ಕ್ಯಾಶ್ ಆನ್ ಡೆಲಿವರಿಗೆ ಕಳಿಸೋ ಮುಂಚೆ ಒಂದು ಫೋನ್ ಮಾಡಿ ಅಡ್ರೆಸ್ಸು ಪಿನ್‌ಕೋಡ್ ಕೇಳು, ನಂಗೆ ಶುರುವಲ್ಲಿ ವಾಪಸ್ ಬಂದ ಪಾರ್ಸಲ್‌ಗಳಿಗೆ ಹೋಗೋ ಖರ್ಚು ಬರೋ ಖರ್ಚು ಎರಡೂ ಬಿದ್ದಿತ್ತು, ಫೋನ್ ಮಾಡಕ್ಕೆ ಶುರು ಮಾಡಿದ ಮೇಲೆ ಅದು ಸುಮಾರು ನಿಂತೇ ಹೋಯ್ತು. ಆಹಾರದ ಲೈಸೆನ್ಸಿನ ರಿಜಿಸ್ಟ್ರೇಶನ್ ಮಾಡ್ಸಿದೀಯ ತಾನೇ? ನಮ್ಮಂಥ ಚಿಕ್ಕೋರಿಗೆ ನಾನು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಇತ್ತು, ಆನ್‌ಲೈನಲ್ಲೇ ಆಗುತ್ತೆ. ಪ್ಯಾಕೆಟ್ ಮೇಲೆ ತೂಕ, ಪ್ಯಾಕ್ ಮಾಡಿದ ತಾರೀಖು, ಎಮ್ಆರ್‌ಪಿ, ನಿನ್ನ ಅಡ್ರೆಸ್ಸು, ಫೋನ್ ನಂಬರ್ ಇರಲೇಬೇಕು, ಕಳೆದ ಸಲ ನೀನು ಕೊಟ್ಟ ಪ್ಯಾಕೆಟ್ಟಲ್ಲಿ ತಾರೀಖು ಇರ್ಲಿಲ್ಲ.

ನಿನಗೆ ನಿನ್ನ ಕೆಲಸ ಇದೆ, ಶಿರಾದಿಂದ ದಿನಾ ತುಮಕೂರಿಗೆ ಬಸ್ಸಲ್ಲಿ ಹೋಗಿ ಬರ್ತೀಯ, ಸುಸ್ತಾಗುತ್ತೆ, ಗೊತ್ತು. ಒಂದು ಗಂಟೆ ಆಗಲ್ಲ ಅಂದ್ರೆ ಆ ಬಸ್ಸಲ್ಲಿ ಕೂತಿರೋ ಹೊತ್ತಲ್ಲೇ ಇಪ್ಪತ್ತು ನಿಮಿಷ ಮಾಡು, ಹೋಗುವಾಗ ಮೆಸೇಜು, ಬರುವಾಗ ಫೋನು, ಫೋಟೋ ಹಿಂದಿನ ರಾತ್ರೀನೇ ತೆಗೆದಿಟ್ಕೋ. ಆರ್ಡರ್ ಎಷ್ಟು ಬಂತು ಅಂತ ಮೂರು ತಿಂಗಳು ನಂಗೂ ಹೇಳ್ಬೇಡ, ಇವತ್ತು ಯಾರಿಗೆ ಉತ್ತರ ಕೊಟ್ಟೆ, ಯಾರ ಹತ್ರ ಮಾತಾಡ್ದೆ, ಅವ್ರು ಏನಂದ್ರು ಅಷ್ಟನ್ನ ರಾತ್ರಿ ಮಲಗೋಕೆ ಮುಂಚೆ ನಂಗೊಂದು ವಾಯ್ಸ್ ಮೆಸೇಜ್ ಹಾಕು, ನಾನೂ ನಂದು ಹಾಕ್ತೀನಿ. ನಿಜ ಹೇಳ್ಬೇಕಂದ್ರೆ ನಂಗೂ ಇದು ಬೇಕು, ಇಲ್ಲಿ ಈ ವಿಷಯ ಮಾತಾಡಕ್ಕೆ ಯಾರೂ ಇಲ್ಲ, ಅಪ್ಪಂಗೆ ಇವತ್ತಿಗೂ ಮಂಡಿಗೆ ಹಾಕಿದ್ರೆ ಮಾತ್ರ ವ್ಯಾಪಾರ.

ಭಾನುವಾರ ಶಿರಾಗೆ ಬರ್ತೀನಿ. ಅಮ್ಮಂಗೆ ಶನಿವಾರ ರಾತ್ರಿ ರಾಗಿಗೆ ಮಜ್ಜಿಗೆ ಹಾಕಿ ಕಟ್ಟಿಡಕ್ಕೆ ಹೇಳು, ಬೆಳಗ್ಗೆ ಅರಳು ಹುರಿಯೋದನ್ನ ಇಬ್ರೂ ಸೇರಿ ವಿಡಿಯೋ ಮಾಡೋಣ, ಅಮ್ಮ ಅವ್ರ ಮಾತಲ್ಲೇ ಹೇಳ್ಲಿ, ನೀನು ಮಧ್ಯೆ ಬಾಯಿ ಹಾಕ್ಬೇಡ. ನಮ್ಮಮ್ಮ ಎರಡು ಕೆಜಿ ಹುರಿಟ್ಟು ತರಕ್ಕೆ ಹೇಳಿದಾರೆ, ದುಡ್ಡು ತಗೊಂಡೇ ಕೊಡ್ಬೇಕು, ಪ್ಯಾಕೆಟ್ ಮೇಲೆ ತಾರೀಖು ಇರ್ಬೇಕು.

ಅದಕ್ಕಿಂತ ಮುಂಚೆ, ಇವತ್ತೇ, ಆ ಮಗು ತಾಯಿಗೆ ಇನ್ನೊಂದು ಮೆಸೇಜ್ ಹಾಕು. ಅವ್ರು ತಗೊಂಡ್ರಾ, ಮಗು ತಿಂತಾ ಅಂತ ಕೇಳು.

ಇಂತಿ ನಿನ್ನ,
ತಿಪಟೂರಿನ ಗೆಳೆಯ