ಎತ್ತು, ಗಾಡಿ ಮತ್ತು ನಿನ್ನ ಪ್ರಶ್ನೆ

ಪ್ರೀತಿಯ ಮಗಳೇ,

ಎತ್ತು ಗಾಡಿಯನ್ನು ಎಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆಯೋ ಗಾಡಿಯೂ ಎತ್ತನ್ನು ಅಷ್ಟೇ ಬಲದಿಂದ ಹಿಂದಕ್ಕೆ ಎಳೆಯುವುದಾದರೆ, ಲೆಕ್ಕ ಸರಿಹೋಗಿ ಗಾಡಿ ನಿಂತಲ್ಲೇ ನಿಲ್ಲಬೇಕಲ್ಲವೇ ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಅದು ಅವಸರದಲ್ಲಿ ಉತ್ತರಿಸುವ ಪ್ರಶ್ನೆಯಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ. 1687ರಲ್ಲಿ ಚಲನೆಯ ಮೂರು ನಿಯಮಗಳನ್ನು ಪ್ರಕಟಿಸಿದ ನ್ಯೂಟನ್ ಸಹ ಮೂರನೆಯದನ್ನು ವಿವರಿಸಲು ಹಗ್ಗ ಕಟ್ಟಿ ಕಲ್ಲನ್ನೆಳೆಯುವ ಕುದುರೆಯ ಉದಾಹರಣೆಯನ್ನೇ ಕೊಟ್ಟು, ಕಲ್ಲೂ ಕುದುರೆಯನ್ನು ಅಷ್ಟೇ ಎಳೆಯುತ್ತದೆ ಎಂದು ಬರೆದಿದ್ದಾರೆ.

ನಿನ್ನ ವಾದ ಎಡವಿದ್ದು ಒಂದೇ ಕಡೆ. ಆ ಎರಡು ಬಲಗಳು ಸಮವೆಂಬುದು ನಿಜ, ಆದರೆ ಒಂದು ಗಾಡಿಯ ಮೇಲಿದೆ, ಇನ್ನೊಂದು ಎತ್ತಿನ ಮೇಲಿದೆ. ನಮ್ಮ ಸಾಲವನ್ನು ಪಕ್ಕದ ಮನೆಯವರ ಜಮೆಯಲ್ಲಿ ಕಳೆದರೆ ಹೇಗೆ ತಪ್ಪೋ ಇದೂ ಹಾಗೆಯೇ. ಆದ್ದರಿಂದ ಗಾಡಿಯ ಲೆಕ್ಕವನ್ನು ಬೇರೆಯಾಗಿಯೇ ಬರೆ. 400 ಕಿಲೋಗ್ರಾಂ ಗಾಡಿಯನ್ನು ನೊಗ 600 ನ್ಯೂಟನ್ ಬಲದಿಂದ ಎಳೆಯುತ್ತಿದ್ದು, ಘರ್ಷಣೆ 400 ನ್ಯೂಟನ್‌ನಷ್ಟು ತಡೆಯುತ್ತಿದೆ ಎಂದುಕೊಳ್ಳೋಣ. ಉಳಿದ 200 ನ್ಯೂಟನ್‌ನಿಂದ, ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗ ಏರುವ ದರ ಸಿಗುತ್ತದೆ ಎನ್ನುವ ಎರಡನೆಯ ನಿಯಮದ ಪ್ರಕಾರ, ಗಾಡಿಯ ವೇಗ ಪ್ರತಿ ಸೆಕೆಂಡಿಗೂ ಸೆಕೆಂಡಿಗೆ ಅರ್ಧ ಮೀಟರಿನಂತೆ ಏರುತ್ತದೆ. ಗಾಡಿ ಎತ್ತನ್ನು ಹಿಂದಕ್ಕೆಳೆಯುವ ಬಲಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಹಾಗಾದರೆ ಎತ್ತು ಮುಂದೆ ಸಾಗುವುದು ಯಾವುದರಿಂದ? ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುತ್ತದೆ, ನೆಲ ಅದನ್ನು ಮುಂದಕ್ಕೆ ತಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ಹೊಲದ ದಾರಿಯ ಕೆಸರಿನಲ್ಲಿ ಎತ್ತುಗಳು ಜಾರುತ್ತ ನಿಂತುಬಿಡುವುದನ್ನು ನೀನೂ ನೋಡಿದ್ದೀಯೆ. ಆಗ ಅವುಗಳ ಶಕ್ತಿಯೇನೂ ಕುಂದಿರುವುದಿಲ್ಲ, ತಿರುಗಿ ತಳ್ಳಲು ನೆಲಕ್ಕೆ ಹಿಡಿತ ಸಿಗುವುದಿಲ್ಲ ಅಷ್ಟೇ. ಘರ್ಷಣೆಯನ್ನು ಬರೀ ಶತ್ರುವಿನಂತೆ ಬಣ್ಣಿಸುವ ಪಾಠಗಳು ನನಗೆ ಅಷ್ಟಾಗಿ ಹಿಡಿಸದಿರುವುದು ಇದಕ್ಕೇ. ಅಚ್ಚಿಗೆ ಕೀಲೆಣ್ಣೆ ಹಚ್ಚಿ ಅದನ್ನು ತಗ್ಗಿಸುವ ಗಾಡಿಯವನಿಗೂ ಗೊರಸಿನಡಿಯಲ್ಲಿ ಅದು ಬೇಕೇ ಬೇಕು.

ಇನ್ನೊಂದು ಮಾತು. ಗಾಡಿ ಒಂದೇ ವೇಗದಲ್ಲಿ ನೇರ ದಾರಿಯಲ್ಲಿ ಸಾಗತೊಡಗಿದ ಮೇಲೆ ಎತ್ತುಗಳು ಘರ್ಷಣೆಗೆ ಸಮನಾದಷ್ಟು ಎಳೆದರೆ ಸಾಕು. ಒಟ್ಟು ಬಲ ಸೊನ್ನೆಯಾದರೂ ಗಾಡಿ ನಿಲ್ಲುವುದಿಲ್ಲ, ಏಕೆಂದರೆ ಬಲ ಬೇಕಾದದ್ದು ವೇಗ ಬದಲಿಸಲು, ವೇಗವನ್ನು ಉಳಿಸಿಕೊಳ್ಳಲು ಅಲ್ಲ. ಇದೇ ಮೊದಲ ನಿಯಮ. ಮೂರರಲ್ಲಿ ಮನಸ್ಸಿಗೆ ಒಗ್ಗಲು ಹೆಚ್ಚು ಕಾಲ ಹಿಡಿಯುವುದೂ ಇದೇ.

ಗೊರಸು ಹಿಂದಕ್ಕೆ ಒತ್ತಿದಾಗ ಭೂಮಿಯೂ ಹಿಂದೆ ಸರಿಯಬೇಕಲ್ಲವೇ ಎಂದು ನೀನು ಮುಂದೆ ಕೇಳಿಯೇ ಕೇಳುತ್ತೀಯೆ. ಸರಿಯುತ್ತದೆ. ಆದರೆ ಅದರ ದ್ರವ್ಯರಾಶಿ 6ರ ಮುಂದೆ 24 ಸೊನ್ನೆ ಬರೆದಷ್ಟು ಕಿಲೋಗ್ರಾಂ. 600 ನ್ಯೂಟನ್ನನ್ನು ಅದರಿಂದ ಭಾಗಿಸಿ, ಬಂದ ಉತ್ತರವನ್ನು ನನಗೆ ಬರೆದು ಕಳುಹಿಸು.

ನಿನ್ನ
ಅಪ್ಪ